ಕವಲಿನಲ್ಲಿ ಕಕ್ಕೆ ಟೊಂಗೆ ಇತ್ತು

ಮೂಕಣ್ಣನ ಬಗ್ಗೆ ಬರೆಯಲು ಕೂತಾಗಲೆಲ್ಲ ಅವನು ನಡೆಯುವ ರೀತಿಯಿಂದಲೇ ಶುರು ಮಾಡುತ್ತೇನೆ. ಅಷ್ಟು ಬರೆಯುವುದಕ್ಕೆ ನನಗೆ ಧೈರ್ಯ ಸಾಕಾಗುತ್ತದೆ. ಕುಳ್ಳ ಮನುಷ್ಯ, ಐವತ್ತೈದರ ಆಸುಪಾಸು. ಟೈರ್ ಚಪ್ಪಲಿ, ಮೊಣಕಾಲಿನ ತನಕ ಎತ್ತಿ ಕಟ್ಟಿದ ಲುಂಗಿ, ಹೆಗಲ ಮೇಲೊಂದು ಟವೆಲ್, ಸೊಂಟದಲ್ಲಿ ಕುಡುಗೋಲು. ಏರು ದಾರಿಯಲ್ಲಿ ನಮ್ಮಂಥವರು ತಲೆ ಎತ್ತಿ ಇನ್ನೆಷ್ಟು ದೂರ ಎಂದು ಗೋಳಾಡುತ್ತೇವೆ. ಅವನು ನೆಲ ನೋಡಿಕೊಂಡು ನಡೆಯುತ್ತಾನೆ. ಮಣ್ಣು ಕೆದರಿದ್ದರೆ ಕರಡಿ ಯಾವ ಹೊತ್ತಿಗೆ ಹೋಯಿತು ಎನ್ನುತ್ತಾನೆ, ಕಲ್ಲು ಹೊರಳಿದ್ದರೆ ಯಾರ ಆಡು ಹೋಯಿತು ಎನ್ನುತ್ತಾನೆ. ಹನ್ನೊಂದು ವರ್ಷ ಅವನ ಹಿಂದೆ ನಡೆದಿದ್ದೇನೆ, ಒಮ್ಮೆಯೂ ಅವನ ಮಾತು ಸುಳ್ಳಾಗಿದ್ದನ್ನು ನೋಡಿರಲಿಲ್ಲ.

ಅವನ ಊರು ಹುಣಸೇಹಟ್ಟಿ. ಸಂಡೂರಿನಲ್ಲಿ ಬಸ್ಸಿಳಿದು ಆಟೋ ಹಿಡಿದರೆ ಗುಡ್ಡದ ಬುಡದಲ್ಲಿ ಸಿಗುವ ನಲವತ್ತು ಮನೆ. ಹತ್ತನೇ ವಯಸ್ಸಿಗೆ ಆಡಿನ ಹಿಂದೆ ಗುಡ್ಡ ಹತ್ತಿದವನು. ಗಣಿ ಜೋರಾಗಿದ್ದ ಕಾಲಕ್ಕೆ ಆಡು ಮಾರಿ, ತಿರುವಿನಲ್ಲಿ ನಿಂತು ಅದಿರು ಲಾರಿಗಳಿಗೆ ಕೆಂಪು ಬಾವುಟ ತೋರಿಸುವ ಕೆಲಸಕ್ಕೆ ಸೇರಿದ. ಸಂಜೆ ಮೈತುಂಬ ಅದಿರಿನ ಧೂಳು ಹೊತ್ತು ಮನೆಗೆ ಬಂದರೆ ಹೆಂಡತಿ ರೇಣುಕಮ್ಮ ಬಾಗಿಲಲ್ಲೇ ತಡೆದು ತಲೆಯ ಮೇಲೆ ಎರಡು ಕೊಡ ನೀರು ಸುರಿದೇ ಒಳಗೆ ಬಿಡುತ್ತಿದ್ದಳಂತೆ. ಆ ಗಣಿ ಮುಚ್ಚಿತು. ಬಾವುಟ ಒಲೆಯ ಮೇಲಿನ ಪಾತ್ರೆ ಇಳಿಸುವ ಬಟ್ಟೆಯಾಯಿತು. ಮೂಕಣ್ಣ ಮತ್ತೆ ಗುಡ್ಡಕ್ಕೆ ಹೋಗತೊಡಗಿದ: ಪೊರಕೆ ಹುಲ್ಲು, ಸೀತಾಫಲ, ನೆಲ್ಲಿಕಾಯಿ. ಮಾತು ಮಾತ್ರ ಮೊದಲಿಂದಲೂ ಕಡಿಮೆ. "ಹೆಸರಿಟ್ಟೋರು ಸುಮ್ನ ಇಟ್ಟಿಲ್ರಿ ಸರ" ಎಂದು ರೇಣುಕಮ್ಮ ಕಾಲೆಳೆಯುತ್ತಿದ್ದಳು.

ನನ್ನ ವಿಷಯವನ್ನೂ ಹೇಳಬೇಕು. ಟಿ.ಬಿ. ಡ್ಯಾಂನ ಕಾಲುವೆ ಕಚೇರಿಯಲ್ಲಿ ಮೂವತ್ತು ವರ್ಷ ನಕ್ಷೆ ಬರೆದು ನಿವೃತ್ತನಾದವನು ನಾನು. ಮೂಗಿನ ತುದಿಯಲ್ಲೇ ಸಿಟ್ಟು ಎಂದು ಮನೆಯಲ್ಲೂ ಕಚೇರಿಯಲ್ಲೂ ಹೆಸರು ಮಾಡಿದ್ದೇನೆ. ಹೊಸಪೇಟೆಯ ಏಳೆಂಟು ಜನ ಸೇರಿ ಭಾನುವಾರ ಗುಡ್ಡ ಹತ್ತುವ ಗುಂಪು ಕಟ್ಟಿದಾಗ ಯಾರೋ ಮೂಕಣ್ಣನನ್ನು ತೋರಿಸಿದರು. ಅವನಿಗೆ ಗೈಡ್ ಎಂಬ ಗುರುತಿನ ಚೀಟಿ ಸಿಗುವ ಹಾಗೆ ಅರ್ಜಿ ಬರೆದುಕೊಟ್ಟವನು ನಾನೇ. ಆ ಚೀಟಿಯನ್ನು ಅವನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದ. ನನ್ನ ಮಾತಿಗೆ ಅವನು ಎದುರಾಡದಿರುವುದಕ್ಕೆ ಆ ಚೀಟಿಯೂ ಒಂದು ಕಾರಣ ಎಂದು ನನಗೆ ಗೊತ್ತಿತ್ತು.

ಆ ಗುಡ್ಡದಲ್ಲಿ ಒಂದು ಪದ್ಧತಿ ಇದೆ. ಕಾಲುದಾರಿ ಎರಡಾಗಿ ಒಡೆಯುವಲ್ಲಿ, ಮುಂದೆ ಹೋದವರು ಒಂದು ಹಸಿ ಟೊಂಗೆ ಮುರಿದು ಹೋಗಬಾರದ ದಾರಿಗೆ ಅಡ್ಡ ಹಾಕುತ್ತಾರೆ. ಆ ದಾರಿ ತಪ್ಪು ಎಂದಿರಬಹುದು, ಮಣ್ಣು ಜರಿದಿದೆ ಎಂದಿರಬಹುದು, ಮರಿ ಹಾಕಿದ ಕರಡಿ ಕೂತಿದೆ ಎಂದಿರಬಹುದು. ಹಿಂದೆ ಬರುವವರು ಕಾರಣ ಕೇಳುವುದಿಲ್ಲ, ಇನ್ನೊಂದು ದಾರಿ ಹಿಡಿಯುತ್ತಾರೆ. ಎಲೆ ಎಷ್ಟು ಬಾಡಿದೆ ಎಂದು ನೋಡಿ ಹಾಕಿ ಎಷ್ಟು ಹೊತ್ತಾಯಿತು ಎಂದು ತಿಳಿಯುತ್ತಾರೆ. ಒಣಗಿದ್ದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಹಸಿಯಾಗಿದ್ದರೆ ದಾಟುವುದಿಲ್ಲ. ಹಾಕಿದವರೇ ತೆಗೆಯಬೇಕು ಎನ್ನುವುದೂ ಅದರಲ್ಲೇ ಸೇರಿದೆ. ಇಷ್ಟನ್ನೂ ಮೂಕಣ್ಣನಿಗೆ ಆಡು ಕಾಯುವ ವಯಸ್ಸಿನಲ್ಲಿ ಕಲಿಸಿದವಳು ಅದೇ ಊರಿನ ದ್ಯಾಮಕ್ಕ. ಅವನಿಗಿಂತ ಹದಿಮೂರು ವರ್ಷ ದೊಡ್ಡವಳು. ಊರಿನ ಹೆಂಗಸರೆಲ್ಲ ಹುಲ್ಲಿಗೆ, ಹಣ್ಣಿಗೆ ಹೊರಡುವ ಮುನ್ನ ಅವಳ ಕಟ್ಟೆಗೆ ಬಂದು ಈ ವಾರ ಯಾವ ಕಡೆ ಎಂದು ಕೇಳಿಕೊಂಡೇ ಹೋಗುತ್ತಿದ್ದರು.

ಗುಡ್ಡದ ಅರ್ಧಕ್ಕೆ ದಾರಿ ಕವಲೊಡೆಯುತ್ತದೆ. ಎಡಗಡೆಯದು ಅಮ್ಮನ ದೊಣೆಗೆ ಹೋಗುತ್ತದೆ. ದೊಣೆ ಎಂದರೆ ಬಂಡೆಗಳ ನಡುವೆ ನಿಂತ ನೀರು, ಬೇಸಿಗೆಯಲ್ಲೂ ಬತ್ತುವುದಿಲ್ಲ, ತಳದ ಕಲ್ಲು ಕಾಣುವಷ್ಟು ತಿಳಿ. ಅದನ್ನು ದಾಟಿದರೆ ಸೀತಾಫಲದ ಇಳಿಜಾರು. ಬಲಗಡೆಯದು ಪಾಳುಬಿದ್ದ ಹಳೇ ಗಣಿಯ ಅಂಚಿನಲ್ಲಿ ಸುತ್ತು ಹಾಕಿಕೊಂಡು ಅದೇ ಇಳಿಜಾರಿಗೆ ಸೇರುತ್ತದೆ. ಮಳೆಗಾಲ ಮುಗಿದ ಹೊಸದರಲ್ಲಿ ಆ ಅಂಚಿನ ಮಣ್ಣು ಸಡಿಲ.

ದೊಣೆಯ ಫೋಟೊವನ್ನು ಮೊದಲು ಫೋನಿನಲ್ಲಿ ಹಾಕಿದವನು ನಾನೇ. ಹೇಗೆ ಹೋಗುವುದೆಂದು ಕೈಯಾರೆ ನಕ್ಷೆ ಬರೆದು ಅದನ್ನೂ ಹಾಕಿದೆ. ಅಕ್ಷರ ಚೆನ್ನಾಗಿದೆ ಎಂದು ಇನ್ನೂರು ಜನ ಹೊಗಳಿದರು, ಉಬ್ಬಿಹೋದೆ. ಎರಡು ತಿಂಗಳಿಗೆ ಹಂಪಿಗೆ ಬಂದವರೆಲ್ಲ ಹಂಗೇ ಸಂಡೂರಿಗೂ ಬರತೊಡಗಿದರು. ಹಾಡು ಹಚ್ಚಿಕೊಂಡು ದೊಣೆಗೆ ಧುಮುಕುವವರು, ಬಂಡೆಯ ಮೇಲೆ ಕುಣಿದು ವಿಡಿಯೋ ಮಾಡುವವರು, ಚಿಪ್ಸ್ ಪಾಕೀಟು, ಶಾಂಪೂ ನೊರೆ. ನನಗೆ ಮೈ ಉರಿದುಹೋಯಿತು. ನನ್ನಪ್ಪನ ಆಸ್ತಿಯೇನೋ ಎಂಬಂತೆ ಸಿಕ್ಕಸಿಕ್ಕವರ ಮೇಲೆ ಹಾರಾಡಿದೆ.

ಹೋದ ಅಕ್ಟೋಬರಿನ ಒಂದು ಭಾನುವಾರ. ಬೆಳಿಗ್ಗೆ ಬೇಗ ಹತ್ತಿ ದೊಣೆ ನೋಡಿ ಹತ್ತು ಗಂಟೆಗೆ ಇಳಿಯುತ್ತಿದ್ದೆವು. ಕೆಳಗಿನಿಂದ ಹಾಡಿನ ಸದ್ದು ಕೇಳಿಸಿತು. ನಮ್ಮ ಗುಂಪಿನವರು ಮುಂದೆ ಹೋದರು. ಕವಲಿನಲ್ಲಿ ನಾನೂ ಮೂಕಣ್ಣನೂ ಹಿಂದೆ ಉಳಿದೆವು.

"ಮೂಕಣ್ಣ, ಈ ದೊಣೆ ದಾರಿಗೆ ಒಂದು ಟೊಂಗೆ ಹಾಕು" ಎಂದೆ.

ಅವನಿಗೆ ಅರ್ಥವಾಗಲಿಲ್ಲ. "ಯಾಕ್ರಿ ಸರ? ಕರಡಿ ಇಲ್ಲಲ್ಲ?"

"ಕರಡಿ ಇಲ್ಲ, ಕರಡಿಗಿಂತ ಕಡೆಯಾದವರು ಬರ್ತಿದ್ದಾರೆ. ಹಾಕು. ಬಲಕ್ಕೆ ಹೋಗಿ ಆ ಗಣಿ ಗುಂಡಿ ನೋಡ್ಕೊಂಡು ವಾಪಸ್ ಹೋಗ್ಲಿ."

"ಹಂಗ ಹಾಕಂಗಿಲ್ರಿ ಸರ. ಛಲೋ ದಾರಿಗೆ ಯಾರೂ ಹಾಕಂಗಿಲ್ಲ."

"ಯಾರು ನೋಡ್ತಾರೋ ಇಲ್ಲಿ? ಹೇಳಿದಷ್ಟು ಮಾಡೋದಕ್ಕೆ ಏನು ನಿನಗೆ?"

ನಾನು ಆ ದನಿಯಲ್ಲಿ ಮಾತಾಡಬಾರದಿತ್ತು. ಅವನ ಕೈ ತಾನಾಗಿ ಒಳಜೇಬಿನ ಮೇಲೆ ಹೋಗಿ ಬಂತು. ಆಮೇಲೆ ಪಕ್ಕದ ಕಕ್ಕೆ ಗಿಡದ ಒಂದು ಟೊಂಗೆಗೆ ಕುಡುಗೋಲು ಹಾಕಿ, ದೊಣೆಯ ದಾರಿಗೆ ಅಡ್ಡವಾಗಿ ಮಲಗಿಸಿದ. "ಮಧ್ಯಾಹ್ನಕ್ಕ ಬಂದು ತೆಗೀತೀನ್ರಿ" ಎಂದಷ್ಟೇ ಹೇಳಿದ.

ಮಧ್ಯಾಹ್ನ ಅವನು ಹೋಗಲಿಲ್ಲ. ಹೊರಟವನನ್ನು ನಾನೇ ತಡೆದೆ, ಅವರೆಲ್ಲ ಇಳಿದು ಹೋಗುವ ತನಕ ಇರಲಿ ಬಿಡು ಎಂದೆ. ಅವನ ಮನೆಯಲ್ಲಿ ಕೂತು ರೇಣುಕಮ್ಮ ಮಾಡಿದ ಒಗ್ಗರಣಿ ಮಂಡಕ್ಕಿ, ಮಿರ್ಚಿ ತಿಂದೆವು. ನಾನು ಎರಡನೇ ಸಲ ಹಾಕಿಸಿಕೊಂಡೆ.

ನಾಲ್ಕು ಗಂಟೆಯ ಹೊತ್ತಿಗೆ ಮೂವರು ಹುಡುಗರು ಗುಡ್ಡದಿಂದ ಓಡಿ ಬಂದರು. ಬೆಳಿಗ್ಗೆ ಹಾಡು ಹಚ್ಚಿಕೊಂಡು ಹತ್ತಿದವರು ಅವರೇ, ತಲೆಗೂದಲು ಇನ್ನೂ ಒದ್ದೆ. ಟೊಂಗೆಯನ್ನು ದಾಟಿ ಹೋಗಿ ಹಗಲೆಲ್ಲ ದೊಣೆಯಲ್ಲಿ ಈಜಿದ್ದರು. ಅವರ ಪಾಲಿಗೆ ಅದು ದಾರಿಯಲ್ಲಿ ಬಿದ್ದ ಒಂದು ಟೊಂಗೆ, ಅಷ್ಟೇ. ಇಳಿಯುವಾಗ ಹಳೇ ಗಣಿಯ ಕಡೆಯಿಂದ ಯಾರೋ ಕೂಗುವುದು ಕೇಳಿಸಿ ಹೋಗಿ ನೋಡಿದ್ದಾರೆ. ಒಬ್ಬ ಮುದುಕಿ ಗುಂಡಿಯೊಳಗೆ ಬಿದ್ದಿದ್ದಾಳೆ, ಏಳಲು ಆಗುತ್ತಿಲ್ಲ. ಇನ್ನೊಬ್ಬ ಗೆಳೆಯ ಅವಳಿಗೆ ನೀರು ಕುಡಿಸುತ್ತ ಅಲ್ಲೇ ಕೂತಿದ್ದಾನೆ ಎಂದರು.

ದ್ಯಾಮಕ್ಕ ಹನ್ನೊಂದು ಗಂಟೆಗೆ ಸೀತಾಫಲಕ್ಕೆಂದು ಒಬ್ಬಳೇ ಹತ್ತಿದ್ದಳು. ಕವಲಿನಲ್ಲಿ ಹಸಿ ಟೊಂಗೆ ನೋಡಿದಳು. ದೊಣೆಯ ಹತ್ತಿರ ಕರಡಿ ಇದೆ ಎಂದುಕೊಂಡು ಬಲಕ್ಕೆ ತಿರುಗಿದಳು. ಗಣಿಯ ಅಂಚು ಜರಿಯಿತು.

ಮೂಕಣ್ಣ ಎಲ್ಲರಿಗಿಂತ ಮುಂದೆ ಓಡಿದ. ಅವನ ಹಿಂದೆ ನಾನು, ನನ್ನ ಹಿಂದೆ ದೂರದಲ್ಲಿ ದ್ಯಾಮಕ್ಕನ ಮಗ ಬಸವರಾಜ್ ಮತ್ತು ಊರಿನವರು. ಕವಲಿಗೆ ಏದುಸಿರು ಬಿಡುತ್ತ ಬಂದಾಗ ನಾನು ಕಂಡದ್ದು ಇದು: ಮೂಕಣ್ಣ ಬಗ್ಗಿ ಕಕ್ಕೆ ಟೊಂಗೆ ಎತ್ತಿದ, ಕೆಳಗಿನ ಪೊದೆಗೆ ಎಸೆದ. ತಿರುಗಿ ನನ್ನನ್ನು ನೋಡಿದ. ಹಿಂದಿನವರು ಬಂದು ಸೇರಿದರು, ಎಲ್ಲರೂ ಬಲಕ್ಕೆ ಓಡಿದೆವು.

ಸೊಂಟದ ಎಲುಬು ಮುರಿದಿತ್ತು. ಹೊಸಪೇಟೆಯ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ತಿಂಗಳು ಕಳೆದು ವಾಕರ್ ಹಿಡಿದು ಮನೆಯೊಳಗೆ ನಾಲ್ಕು ಹೆಜ್ಜೆ ಹಾಕುವಂತಾದಳು. ಗುಡ್ಡ ಹತ್ತುವುದು ಇನ್ನಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ಅವಳು ಅಷ್ಟೊಂದು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಅವಳನ್ನು ಕೊರೆದದ್ದು ಬೇರೆ ಮಾತು. ಆ ದಾರಿಗೆ ಯಾಕೆ ಹೋದೆ ಎಂದು ಯಾರು ಕೇಳಿದರೂ ಅವಳದು ಒಂದೇ ಉತ್ತರ: "ಟೊಂಗಿ ಹಾಕಿದ್ರು. ಕಕ್ಕಿ ಟೊಂಗಿ, ಹಸೇದು. ನಾ ನೋಡೀನಿ." ಬಸವರಾಜ್ ಮೂಕಣ್ಣನನ್ನು ಕರೆದು ಎಲ್ಲರ ಮುಂದೆ ಕೇಳಿದ. ಮೊದಲು ಹತ್ತಿದವನು ನೀನು, ಟೊಂಗೆ ಇತ್ತೇನು?

"ಇಲ್ಲ" ಎಂದ ಮೂಕಣ್ಣ. "ನಾ ನೋಡ್ಲಿಲ್ಲ."

ಅವನು ಸುಳ್ಳು ಹೇಳುವವನಲ್ಲ ಎಂಬುದು ಊರಿಗೆಲ್ಲ ಗೊತ್ತು. ಹಾಗಾಗಿ ದ್ಯಾಮಕ್ಕನಿಗೆ ಅರಳು ಮರಳು ಎಂದು ಒಂದೇ ದಿನದಲ್ಲಿ ತೀರ್ಮಾನವಾಯಿತು. ಇಲ್ಲದ ಟೊಂಗೆ ಕಂಡಿದೆ, ಪಾಪ, ವಯಸ್ಸಾಯಿತು ಎಂದರು. ಕಟ್ಟೆಗೆ ಬಂದು ದಾರಿ ಕೇಳುವುದನ್ನು ಹೆಂಗಸರು ನಿಲ್ಲಿಸಿದರು. ಮೊದಮೊದಲು ಅವಳು ಜಗಳ ಮಾಡಿದಳು, ಆಮೇಲೆ ಅವಳಿಗೇ ಅನುಮಾನ ಹಿಡಿಯಿತು. ಒಲೆಯ ಮೇಲಿನ ಹಾಲು ಉಕ್ಕಿದರೆ, ಕನ್ನಡಕ ಎಲ್ಲಿಟ್ಟೆನೆಂದು ಮರೆತರೆ, ನೋಡು, ತಲೆ ಹೋಯಿತು ಎನ್ನತೊಡಗಿದಳು. ಮೊಮ್ಮಗಳು ಸ್ನೇಹಾ ಒಂಬತ್ತನೇ ಕ್ಲಾಸು. ಕೈಗೆ ಸಿಕ್ಕಿದ್ದನ್ನೆಲ್ಲ, ಮಿರ್ಚಿ ಕಟ್ಟಿಕೊಟ್ಟ ಪೇಪರನ್ನೂ ಬಿಡದೆ ಅಜ್ಜಿಗೆ ಗಟ್ಟಿಯಾಗಿ ಓದಿ ಹೇಳುವ ಅಭ್ಯಾಸ ಅವಳಿಗೆ. ಈಗ ಅಜ್ಜಿ ಅವಳನ್ನು ಎದುರಿಗೆ ಕೂರಿಸಿಕೊಂಡು ದಿನಾ ಬೆಳಿಗ್ಗೆ ಗುಡ್ಡದ ಒಂದೊಂದು ಜಾಗದ ಹೆಸರು ಹೇಳಿ ಪಟ್ಟಿ ಬರೆಸುತ್ತಿದ್ದಳು, ನಿನ್ನೆ ಹೇಳಿದ್ದು ಇವತ್ತು ಬಿಟ್ಟುಹೋಯಿತೇ ಎಂದು ಸರಿನೋಡುವುದಕ್ಕೆ. ಇದನ್ನೆಲ್ಲ ನನಗೆ ಹೇಳಿದವಳು ರೇಣುಕಮ್ಮ. ಹೇಳುತ್ತ ಕಣ್ಣೊರೆಸಿಕೊಂಡಳು. ಅವಳಿಗೆ ನಿಜ ಗೊತ್ತಿರಲಿಲ್ಲ.

ಮೂಕಣ್ಣ ಭಾನುವಾರ ತಪ್ಪದೆ ಬರುತ್ತಿದ್ದ. ಆದರೆ ಟೊಂಗೆ ಹಾಕುವುದನ್ನೇ ಬಿಟ್ಟ. ಪ್ರತಿ ಕವಲಿನಲ್ಲೂ ತಾನೇ ನಿಲ್ಲುತ್ತಿದ್ದ. ನಮ್ಮಲ್ಲಿ ಕೊನೆಯವರು ದಾಟಿದ ಮೇಲೆ ಓಡಿಬಂದು ಮತ್ತೆ ಮುಂದಾಗುತ್ತಿದ್ದ. ಒಂದು ದಿನಕ್ಕೆ ಎರಡು ಗುಡ್ಡ ಹತ್ತಿದಷ್ಟು ಓಡಾಟ. ಮೂರು ತಿಂಗಳಿಗೆ ಅವನ ಕೆನ್ನೆ ಒಳಗೆ ಹೋಯಿತು. ನನಗೂ ನಿದ್ದೆ ಬರುತ್ತಿರಲಿಲ್ಲ ಎಂದು ಬರೆಯಬಹುದು, ಆದರೆ ಬರುತ್ತಿತ್ತು. ಅದೇ ನಾಚಿಕೆಯ ವಿಷಯ. ಚೆನ್ನಾಗಿ ಉಂಡು, ಚೆನ್ನಾಗಿ ಮಲಗಿ, ಬೆಳಿಗ್ಗೆ ಎದ್ದು ಹಲ್ಲುಜ್ಜುವಾಗ ಮಾತ್ರ ಆ ಮುದುಕಿ ನೆನಪಾಗುತ್ತಿದ್ದಳು.

ಜನವರಿಯಲ್ಲಿ, ಅದೇ ಕವಲಿನಲ್ಲಿ, ಉಳಿದವರು ಮುಂದೆ ಹೋದ ಮೇಲೆ ಮೂಕಣ್ಣ ಬಾಯಿ ಬಿಟ್ಟ. "ಸರ, ನಾ ಅಕ್ಕಗ ಹೇಳ್ತೀನ್ರಿ."

ಆ ಕ್ಷಣಕ್ಕೆ ನನ್ನ ಬಾಯಿಗೆ ಬಂದ ಮಾತುಗಳನ್ನು ಇಲ್ಲಿ ಬರೆದುಬಿಡುತ್ತೇನೆ, ನನ್ನ ಯೋಗ್ಯತೆ ಅಷ್ಟೇ ಎಂದು ತಿಳಿಯಲಿ. "ಹೇಳಿದರೆ ಅವಳ ಕಾಲು ಬರುತ್ತದೇನೋ? ಬಸವರಾಜ್ ಪೊಲೀಸರ ತನಕ ಹೋದರೆ? ನಿನ್ನ ಗೈಡ್ ಚೀಟಿ ಉಳಿಯುತ್ತದಾ?"

"ಕಾಲಿಂದಲ್ರಿ ಸರ" ಎಂದ. "ಸೊಂಟ ಮುರದದ್ದು ಗುಂಡಿ. ಆಕಿ ತಲಿ ನಾ ಕೆಡಿಸೀನಿ. ಮೊನ್ನಿ ನನ್ನ ಕರದು, ಲೇ ಮೂಕಾ, ಕಕ್ಕಿ ಗಿಡ ಅಂದ್ರ ಹಳದಿ ಹೂವಿಂದ ಹೌದಲ್ಲೋ, ಅಂತ ಕೇಳಿದಳ್ರಿ. ನನಗ ಗಿಡ ಕಲಿಸಿದಾಕಿ." ಟವೆಲ್‌ನಿಂದ ಮುಖ ಒರೆಸಿಕೊಂಡ. "ನೀವೂ ಬರ್ರಿ. ನೀವೇನೂ ಮಾತಾಡಬ್ಯಾಡ್ರಿ, ಬಾಜೂಕ ಕುಂದ್ರಿ ಸಾಕು. ಒಬ್ಬಾವಗ ಧೈರ್ಯ ಆಗವಲ್ದು."

ಹೋದೆ. ದ್ಯಾಮಕ್ಕ ಪಡಸಾಲೆಯ ಮಂಚದ ಮೇಲೆ ಕೂತಿದ್ದಳು. ವಾಕರ್ ಗೋಡೆಗೆ ಒರಗಿತ್ತು. "ಬರ್ರಿ ಸರ, ಕುಂದ್ರಿ" ಎಂದು ಸ್ನೇಹಾಳಿಗೆ ಚಹಾ ಇಡಲು ಹೇಳಿದಳು. ಬಸವರಾಜ್ ಹೊಲಕ್ಕೆ ಹೋಗಿದ್ದ. ಮೂಕಣ್ಣ ಕುರ್ಚಿಯಲ್ಲಿ ಕೂರಲಿಲ್ಲ, ನೆಲದ ಮೇಲೆ ಕೂತ. ಚಹಾ ಬಂದ ಮೇಲೆ ಒಮ್ಮೆಗೇ ಹೇಳಿದ.

"ಯಕ್ಕಾ, ಟೊಂಗಿ ಇತ್ತು."

ಅವಳು ಲೋಟ ಕೆಳಗಿಟ್ಟಳು.

"ನಾನಽ ಹಾಕಿದ್ದೆ. ಕರಡಿ ಇರಲಿಲ್ಲ. ನೀ ಬಿದ್ದಿ ಅಂತ ಗೊತ್ತಾಗಿ ಓಡಿ ಬಂದು ಒಗದೆ. ಆಮ್ಯಾಲ ಇಲ್ಲ ಅಂದೆ."

"ಯಾವ ಗಿಡದ್ದು?" ಎಂದಳು ದ್ಯಾಮಕ್ಕ.

"ಕಕ್ಕಿ."

"ಎಲಿ ಹೆಂಗಿತ್ತು?"

"ಹಸೇದು. ಹತ್ತು ಗಂಟೇಕ ಕಡದಿದ್ದು."

ಅವಳ ಮುಖ ಅರಳಿದ್ದನ್ನು ನಾನು ಸಾಯುವ ತನಕ ಮರೆಯಲಾರೆ. "ಇತ್ತು!" ಎಂದು ಕೂಗಿದಳು. "ಸ್ನೇಹಾ, ಬಾರಲೇ ಇಲ್ಲಿ, ಕೇಳಿದೇನು? ಇತ್ತಂತ! ಕಕ್ಕಿ ಟೊಂಗಿ ಇತ್ತಂತ! ನನ್ನ ತಲಿ ನೆಟ್ಟಗೈತಿ!" ಮಂಚದ ಅಂಚು ಬಡಿಯುತ್ತ ನಕ್ಕಳು, ನಗುತ್ತಲೇ ಅಳು ಬಂತು, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸ್ವಲ್ಪ ಹೊತ್ತಿಗೆ ಅಳು ನಿಂತಿತು. ಆಮೇಲೆ ಉಳಿದದ್ದು ಅವಳಿಗೆ ತಿಳಿಯಿತು. ದನಿ ಇಳಿಸಿ ಕೇಳಿದಳು.

"ಛಲೋ ದಾರಿಗೆ ಯಾಕ ಹಾಕಿದ್ಯೋ, ಮೂಕಾ?"

ನನ್ನ ಕೈಯಲ್ಲಿ ಚಹಾದ ಲೋಟ ಇತ್ತು. ಮಾತು ಗಂಟಲಿನ ತನಕ ಬಂದಿತ್ತು, ಇದು ಸುಳ್ಳಲ್ಲ. ಮೂಕಣ್ಣ ನನ್ನ ಕಡೆ ತಿರುಗಿಯೂ ನೋಡಲಿಲ್ಲ. "ಮಂದಿ ಭಾಳ ಬರಾಕ ಹತ್ತಿದ್ರು. ನೀರು ಕೆಡಸ್ತಿದ್ರು. ನನಗ ತಡೀಲಿಲ್ಲ" ಎಂದ. ನಾನು ಚಹಾ ಕುಡಿದೆ.

ದ್ಯಾಮಕ್ಕ ಅವನನ್ನು ಬಯ್ಯಲಿಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತೋ ಏನೋ. "ಮುಂದ ಯಾರು ನಿನ್ನ ಟೊಂಗಿ ನಂಬಬೇಕು?" ಎಂದು ಕೇಳಿದಳು. "ನನಗ ತಲಿ ಕೆಟ್ಟೈತಿ ಅಂತ ನಲವತ್ತು ಮನಿ ಅಂದಾವು. ನಲವತ್ತೂ ಮನೀಗೆ ಹೋಗು. ಈಗ ನನಗ ಹೇಳಿದ್ಯಲ್ಲ, ಹಿಂಗ ಹೇಳಿ ಬಾ."

ಅವನು ಎದ್ದು ಹೊರಟ. ನಾನೂ ಎದ್ದೆ. ದ್ಯಾಮಕ್ಕ ನನ್ನನ್ನು ತಡೆದಳು. "ನೀವು ಓದಿದೋರು, ಬುದ್ಧಿ ಹೇಳಿ ಇವನ್ನ ಕರಕೊಂಡ್ ಬಂದ್ರಿ. ನಿಮ್ಮಂಥೋರು ಇರಬೇಕ್ರಿ ಸರ" ಎಂದು ಕೈ ಮುಗಿದಳು. ಸ್ನೇಹಾಳ ಕೈಯಲ್ಲಿ ಒಂದು ಚೀಲ ನೆಲ್ಲಿಕಾಯಿ ಕೊಡಿಸಿದಳು. ತೆಗೆದುಕೊಂಡೆ. ಮನೆಯಲ್ಲಿ ಅದನ್ನು ಉಪ್ಪಿನಕಾಯಿ ಹಾಕಿದ್ದಾರೆ. ಬಡಿಸಲು ಬಂದರೆ ನನಗೆ ಹಲ್ಲು ಜುಮ್ಮೆನ್ನುತ್ತದೆ ಎಂದು ಸುಳ್ಳು ಹೇಳುತ್ತೇನೆ.

ಇಡೀ ಜನ್ಮದಲ್ಲಿ ಆಡಿದ್ದಕ್ಕಿಂತ ಹೆಚ್ಚು ಮಾತನ್ನು ಮೂಕಣ್ಣ ಆ ಎರಡು ದಿನ ಆಡಿದ. ಒಂದೊಂದು ಮನೆಯ ಮುಂದೆ ನಿಂತು, ಟೊಂಗೆ ಇತ್ತು, ನಾನೇ ಹಾಕಿದ್ದೆ, ಅಕ್ಕನ ತಲೆ ಸರಿಯಿದೆ ಎಂದ. ಕೆಲವರು ಛೀ ಥೂ ಎಂದರು. ಬಸವರಾಜ್ ಹೊಡೆಯಲು ಕೈ ಎತ್ತಿದ, ತಾಯಿ ಒಳಗಿನಿಂದಲೇ ಗದರಿದ ಮೇಲೆ ಇಳಿಸಿದ. ಆ ದಿನದಿಂದ ರೇಣುಕಮ್ಮ ಅವನಿಗೆ ಅನ್ನ ಬಡಿಸುತ್ತಾಳೆ, ಮಾತಾಡಿಸುವುದಿಲ್ಲ. ಊರಿನ ಹೆಂಗಸರು ಮತ್ತೆ ದ್ಯಾಮಕ್ಕನ ಕಟ್ಟೆಗೆ ಬರುತ್ತಾರೆ. ಅವಳು ಮಂಚದ ಮೇಲೆ ಕೂತೇ ಯಾವ ಇಳಿಜಾರಿನಲ್ಲಿ ಹುಲ್ಲು ಬಲಿತಿದೆ ಎಂದು ಹೇಳುತ್ತಾಳೆ, ಹೋಗಿ ಬಂದವರು ಹೌದೆನ್ನುತ್ತಾರೆ. ಮೂಕಣ್ಣ ಗುರುತಿನ ಚೀಟಿಯನ್ನು ನನಗೆ ವಾಪಸು ಕೊಟ್ಟ. "ಯಾಕೋ?" ಎಂದೆ. "ನಾ ಗೈಡ್ ಅಲ್ರಿ ಇನ್ನ" ಎಂದ. ಅದು ಈಗಲೂ ನನ್ನ ಮೇಜಿನ ಖಾನೆಯಲ್ಲಿದೆ. ಗುಡ್ಡದ ದಾರಿಯಲ್ಲಿ ಅವನು ಎದುರಾದರೆ ಹೆಂಗಸರು ಅವನು ಬಂದ ದಿಕ್ಕನ್ನು ಬಿಟ್ಟು ಬೇರೆ ದಾರಿ ಹಿಡಿಯುತ್ತಾರೆ.

ನನ್ನ ಹೆಸರನ್ನು ಅವನು ನಲವತ್ತು ಮನೆಯಲ್ಲಿ ಒಂದು ಮನೆಯಲ್ಲೂ ಎತ್ತಿಲ್ಲ. ಹೆಂಡತಿಗೂ ಹೇಳಿಲ್ಲ. ನಾನು ಹುಣಸೇಹಟ್ಟಿಗೆ ಆಮೇಲೆ ಮೂರು ಸಲ ಹೋಗಿದ್ದೇನೆ. ಪ್ರತಿ ಸಲವೂ ದ್ಯಾಮಕ್ಕ ಕುಂದ್ರಿ ಸರ ಎಂದು ಕುರ್ಚಿ ಹಾಕಿಸಿದ್ದಾಳೆ. ಪ್ರತಿ ಸಲವೂ ಹೇಳಬೇಕೆಂದೇ ಹೋಗಿ, ಅವಳ ಕಾಲು ಹೇಗಿದೆ ಎಂದು ಕೇಳಿ ಬಂದಿದ್ದೇನೆ.

ಅದಕ್ಕೇ ಇದನ್ನು ಬರೆದದ್ದು. ಯಾರ ಹೆಸರನ್ನೂ, ಯಾವ ಊರನ್ನೂ ಬದಲಿಸಿಲ್ಲ. ಅಚ್ಚಾದ ಮೇಲೆ ಒಂದು ಪ್ರತಿಯನ್ನು ದ್ಯಾಮಕ್ಕನ ಮನೆಗೆ ಅಂಚೆಯಲ್ಲಿ ಕಳಿಸುತ್ತೇನೆ. ಅವಳಿಗೆ ಓದಲು ಬರುವುದಿಲ್ಲ. ಸ್ನೇಹಾ ಓದುತ್ತಾಳೆ, ಗಟ್ಟಿಯಾಗಿ.